ಮೆಂತ್ಯದ ಡಬ್ಬಿಯಲ್ಲಿ ಬಚ್ಚಿಟ್ಟ ಮಾತ್ರೆ

ಪುಟ್ಟಿ,

ನಿನ್ನೆ ದೋಸೆಗೆ ನೆನೆಹಾಕೋಣವೆಂದು ನಿನ್ನ ಅಡುಗೆಮನೆಯಲ್ಲಿ ಮೆಂತ್ಯದ ಡಬ್ಬಿ ತೆಗೆದೆ. ಮೇಲೆ ಒಂದು ಹಿಡಿ ಮೆಂತ್ಯ, ಅಡಿಯಲ್ಲಿ ಕಿತ್ತಳೆ ಬಣ್ಣದ ಔಷಧಿ ಬಾಟಲಿ. ಎಸ್ಸಿಟಾಲೋಪ್ರಾಂ, ಖಿನ್ನತೆಯ ಮಾತ್ರೆ, 10 ಮಿಲಿಗ್ರಾಂ, ದಿನಕ್ಕೊಂದು. ನೀನು ಬಾಗಿಲಲ್ಲಿ ನಿಂತಿದ್ದೆ. ನಿನ್ನ ಮುಖ ನೋಡಿ ಡಬ್ಬಿ ಮುಚ್ಚಿ ಇದ್ದಲ್ಲೇ ಇಟ್ಟೆ. "ಮಂಗಳವಾರ ಅತ್ತೆ ಬರ್ತಾರೆ ದೊಡ್ಡಮ್ಮ, ಅವರಿಗೆ ಗೊತ್ತಾಗಬಾರದು" ಅಂದೆ. ಆಗ ನಾನೇನೂ ಹೇಳಲಿಲ್ಲ. ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಎದ್ದು ವಸೋನಾ ಕೆರೆಗೆ ಎರಡು ಸುತ್ತು ಹಾಕಿ ಬಂದು ಇದನ್ನು ಬರೆಯಲು ಕೂತಿದ್ದೇನೆ. ಬಾಯಲ್ಲಿ ಹೇಳಲು ಹೋದರೆ ನೀನು ಅಳುತ್ತೀಯ, ನಿನ್ನ ಜೊತೆ ನಾನೂ ಅಳುತ್ತೇನೆ, ಹೇಳಬೇಕಾದ್ದು ಅರ್ಧಕ್ಕೇ ನಿಲ್ಲುತ್ತದೆ.

ಮಾತ್ರೆ ತೆಗೆದುಕೊಳ್ಳುತ್ತಿರುವುದಕ್ಕೆ ನನ್ನದೇನೂ ತಕರಾರಿಲ್ಲ. ಡಾಕ್ಟರು ಕೊಟ್ಟಿದ್ದಾರೆ, ನಿನಗೆ ಅದರಿಂದ ಗುಣವಾಗುತ್ತಿದೆ, ಈ ಬೇಸಿಗೆಯಲ್ಲಿ ನೀನು ಮತ್ತೆ ಹಾಡಿಕೊಂಡು ಅಡುಗೆ ಮಾಡುವುದನ್ನು ನಾನೇ ಕೇಳಿದ್ದೇನೆ. ಇದನ್ನು ಓದಿ ಹೆದರಿ ಒಂದು ದಿನವೂ ಅದನ್ನು ನಿಲ್ಲಿಸಬೇಡ. ನನ್ನ ಮಾತೆಲ್ಲ ಆ ಡಬ್ಬಿಯ ಬಗ್ಗೆ, ಬಚ್ಚಿಡುವುದರ ಬಗ್ಗೆ.

ನಾನು 32 ವರ್ಷ ಏನು ಕೆಲಸ ಮಾಡಿದೆ ಅಂತ ನಮ್ಮ ಬಳಗದಲ್ಲಿ ಯಾರೂ ಸರಿಯಾಗಿ ಕೇಳಲಿಲ್ಲ. "ಅವಳು ಲ್ಯಾಬಿನಲ್ಲಿದ್ದಾಳೆ" ಅನ್ನುವಲ್ಲಿಗೆ ಮುಗಿಯುತ್ತಿತ್ತು. ಮದುವೆಮನೆಯಲ್ಲಿ ಹೇಳಿಕೊಳ್ಳುವ ಕೆಲಸವೂ ಅಲ್ಲ. ಸತ್ತವರ ರಕ್ತದಲ್ಲಿ, ಪಿತ್ತಜನಕಾಂಗದ ಚೂರಿನಲ್ಲಿ, ಕಣ್ಣೊಳಗಿನ ನೀರಿನಲ್ಲಿ ಯಾವ ಔಷಧಿಯಿತ್ತು, ಎಷ್ಟಿತ್ತು ಅಂತ ಹುಡುಕುವುದು ನನ್ನ ಕೆಲಸವಾಗಿತ್ತು. ಮೊದಲು ಊರಿನಲ್ಲಿ, ಆಮೇಲೆ ಇಲ್ಲಿ ಅಮೆರಿಕದಲ್ಲಿ. ನಿಮ್ಮ ದೊಡ್ಡಪ್ಪ ಒಬ್ಬರಿಗೇ ಗೊತ್ತಿತ್ತು, ಕೆಲವು ದಿನ ನಾನು ಮನೆಗೆ ಬಂದು ಊಟ ಮಾಡದೆ ಯಾಕೆ ಮಲಗುತ್ತಿದ್ದೆ ಅಂತ.

ಊರಿನ ಒಂದು ಜಾಡಿ ಇನ್ನೂ ಕಣ್ಣ ಮುಂದಿದೆ. ನಮ್ಮಲ್ಲಿ ಪೋಸ್ಟ್‌ಮಾರ್ಟಂ ಮಾಡಿದ ವೈದ್ಯರು ಹೊಟ್ಟೆ, ಕರುಳು, ಪಿತ್ತಜನಕಾಂಗ, ಮೂತ್ರಪಿಂಡದ ತುಂಡುಗಳನ್ನು ಉಪ್ಪು ಕರಗದಷ್ಟು ಹಾಕಿದ ನೀರಿನಲ್ಲಿಟ್ಟು, ಅರಗಿನ ಮುದ್ರೆ ಒತ್ತಿ ಕಳಿಸುತ್ತಾರೆ. ವಿಸೆರಾ ಅಂತ ಪೇಪರಿನಲ್ಲಿ ಓದಿರುತ್ತೀಯಲ್ಲ, ಅದೇ. ಜೊತೆಗೆ ಪೊಲೀಸರ ಕಾಗದ. ಆ ಕಾಗದದಲ್ಲಿ ಇದ್ದದ್ದು "ವಿಷಪ್ರಾಶನದ ಶಂಕೆ" ಎಂಬ ಒಂದೇ ಸಾಲು. ಮದುವೆಯಾಗಿ ಮೂರು ವರ್ಷವಾಗಿದ್ದ ಹೆಣ್ಣುಮಗಳು. ಆಗ ನಮ್ಮ ಕೈಯಲ್ಲಿದ್ದದ್ದು ಗಾಜಿನ ಫಲಕದ ಮೇಲೆ ಸಿಲಿಕಾ ಬಳಿದು ಮಾಡುವ ಟಿಎಲ್‌ಸಿ, ಮೇಲೆ ಚಿಮುಕಿಸಲು ಒಂದೆರಡು ರಾಸಾಯನಿಕ. ಕೀಟನಾಶಕಕ್ಕೆ ನೋಡಿದೆವು, ಇಲ್ಲ. ಲೋಹಕ್ಕೆ ನೋಡಿದೆವು, ಇಲ್ಲ. ಡ್ರಾಗೆಂಡಾರ್ಫ್ ದ್ರಾವಣ ಚಿಮುಕಿಸಿದಾಗ ಒಂದು ಕಿತ್ತಳೆ ಚುಕ್ಕೆ ಎದ್ದಿತು. ಅದು ಏನಾದರೂ ಆಗಬಹುದಿತ್ತು. ವಾರಗಟ್ಟಲೆ ಹುಡುಕಿ ಅದು ಅಮಿಟ್ರಿಪ್ಟಿಲೀನ್, ಮನೋವೈದ್ಯರು ಬರೆದುಕೊಡುವ ಮಾತ್ರೆ ಅಂತ ಗುರುತು ಹಿಡಿಯುವಷ್ಟರಲ್ಲಿ ಅವಳ ಗಂಡ, ಅತ್ತೆ ಇಬ್ಬರೂ ಠಾಣೆಯಲ್ಲಿ ಕೂತಿದ್ದರು. ತವರಿನವರು ಅವಳನ್ನು ಗುಟ್ಟಾಗಿ ಡಾಕ್ಟರ ಬಳಿ ಕರೆದೊಯ್ದು ಮಾತ್ರೆ ಕೊಡಿಸಿದ್ದರು. ಅತ್ತೆಮನೆಗೆ ತಿಳಿದರೆ ಹುಚ್ಚಿ ಅಂತ ವಾಪಸು ಕಳಿಸುತ್ತಾರೆಂಬ ಭಯ. ಸತ್ತ ಮೇಲೂ ಆ ಭಯ ಬಾಯಿ ಕಟ್ಟಿತ್ತು. ಮಗಳು ಯಾವ ಮಾತ್ರೆ, ಎಷ್ಟು ತಿಂಗಳಿಂದ, ಯಾರ ಚೀಟಿಯ ಮೇಲೆ ತಿನ್ನುತ್ತಿದ್ದಳು ಎಂದು ಮೊದಲ ದಿನವೇ ಒಬ್ಬರು ಬಾಯಿ ಬಿಟ್ಟಿದ್ದರೆ ಸಾಕಿತ್ತು. ಅವಳ ಸಾವಿನ ನಿಜ ಏನೆಂದು ನನಗೆ ಕೊನೆಗೂ ತಿಳಿಯಲಿಲ್ಲ. ಔಷಧಿಯ ಹೆಸರು ಮಾತ್ರ ಬರೆದು ಸಹಿ ಹಾಕಿದೆ.

ರಕ್ತದಲ್ಲಿ ಇಷ್ಟಿತ್ತು ಅಂತ ಯಂತ್ರ ಹೇಳಿದರೆ ಕೆಲಸ ಮುಗಿಯಿತಲ್ಲ ಎಂದು ನೀನು ಕೇಳಬಹುದು. ಮುಗಿಯುವುದಿಲ್ಲ. ಹೊಸದಾಗಿ ಉಟ್ಟ ಕೆಂಪು ರೇಷ್ಮೆಸೀರೆಯನ್ನು ಬಿಳಿ ಪಂಚೆಯ ಜೊತೆ ನೆನೆಹಾಕಿದರೆ ಏನಾಗುತ್ತದೆ? ಪಂಚೆ ಕೆಂಪಾಗುತ್ತದೆ. ಸಾವಿನ ನಂತರ ದೇಹದೊಳಗೆ ನಡೆಯುವುದೂ ಅದೇ. ಮನಸ್ಸಿನ ಕಾಯಿಲೆಯ ಬಹಳಷ್ಟು ಔಷಧಿಗಳು ಕೊಬ್ಬಿಗೆ ಅಂಟುವ ಜಾತಿಯವು. ಬದುಕಿದ್ದಾಗ ಅವು ರಕ್ತದಲ್ಲಿ ಇರುವುದು ಸ್ವಲ್ಪ, ಪಿತ್ತಜನಕಾಂಗ, ಶ್ವಾಸಕೋಶ, ಹೃದಯದ ಸ್ನಾಯುವಿನಲ್ಲಿ ಸೇರಿಕೊಂಡಿರುವುದು ಬಹಳ. ಉಸಿರು ನಿಂತ ಮೇಲೆ ಜೀವಕೋಶದ ಗೋಡೆ ಒಡೆಯುತ್ತದೆ, ಒಳಗಿದ್ದದ್ದು ಸುತ್ತಲಿನ ರಕ್ತಕ್ಕೆ ಬಣ್ಣ ಬಿಟ್ಟಂತೆ ಬಿಡುತ್ತದೆ. ಒಂದೇ ದೇಹದಲ್ಲಿ ಹೃದಯದ ಕೋಣೆಯಿಂದ ತೆಗೆದ ರಕ್ತ ಒಂದು ಅಂಕಿ ಹೇಳಿದರೆ, ತೊಡೆಯ ರಕ್ತನಾಳದಿಂದ ತೆಗೆದದ್ದು ಅದರ ಕಾಲು ಭಾಗ ಹೇಳಬಹುದು. 1990ರಲ್ಲಿ ಪೌಂಡರ್ ಮತ್ತು ಜೋನ್ಸ್ ಎಂಬಿಬ್ಬರು ವಿಜ್ಞಾನಿಗಳು ಈ ಸಂಗತಿಯ ಮೇಲೆ ಬರೆದ ಲೇಖನದ ಶೀರ್ಷಿಕೆಯಲ್ಲೇ ಇದನ್ನು ವಿಷವಿಜ್ಞಾನದ ದುಃಸ್ವಪ್ನ ಎಂದು ಕರೆದರು. ಅದಕ್ಕೆ ಮುಂಚೆ ಹೃದಯದ ರಕ್ತವನ್ನೇ ನಂಬಿ ಬರೆದ ವರದಿಗಳೆಷ್ಟೋ, ಅವುಗಳ ಮೇಲೆ ಯಾರ ಯಾರ ಬಾಳು ನಿರ್ಧಾರವಾಯಿತೋ ಎಂದು ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ.

ಈಗ ಒಳ್ಳೆಯ ಕಡೆಗಳಲ್ಲಿ ತೊಡೆಯ ರಕ್ತವನ್ನೇ ತೆಗೆಯುತ್ತಾರೆ, ಪಿತ್ತಜನಕಾಂಗದ ಚೂರನ್ನೂ ಅಳೆದು ಎರಡನ್ನೂ ಹೋಲಿಸುತ್ತಾರೆ. ನಮ್ಮ ಇದೇ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೆಗೊ ಕೌಂಟಿಯ ಇಯಾನ್ ಮೆಕಿಂಟೈರ್ ಆ ಹೋಲಿಕೆಯ ಮೇಲೆ ಬಹಳ ಕೆಲಸ ಮಾಡಿ 2014ರಲ್ಲಿ ಅದನ್ನೆಲ್ಲ ಒಟ್ಟುಗೂಡಿಸಿ ಬರೆದರು. ಅಷ್ಟಾದರೂ ಒಂದು ಪ್ರಶ್ನೆಗೆ ಯಂತ್ರದಲ್ಲಿ ಉತ್ತರವಿಲ್ಲ. ಈ ಮನುಷ್ಯ ಈ ಔಷಧಿಯನ್ನು ಹತ್ತು ವರ್ಷದಿಂದ ತಿನ್ನುತ್ತಿದ್ದನೇ, ಹೋದ ವಾರ ಶುರುಮಾಡಿದ್ದನೇ? ಹತ್ತು ವರ್ಷ ಒಗ್ಗಿದ ದೇಹಕ್ಕೆ ಸಲೀಸಾದ ಅಂಕಿ ಹೊಸಬನಿಗೆ ಬೇರೆಯೇ ಅರ್ಥ ಕೊಡುತ್ತದೆ. ಅದನ್ನು ಹೇಳಬೇಕಾದವರು ಮನೆಯವರು. ಮನೆಯವರಿಗೇ ಗೊತ್ತಿಲ್ಲದಿದ್ದರೆ?

ನಿನಗೊಂದು ಮಗುವಿನ ಕತೆ ಹೇಳಲೇಬೇಕು. ಇದು 2000ನೇ ಇಸವಿಯಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾದದ್ದು, ನಮ್ಮ ಲ್ಯಾಬಿನಲ್ಲಿ ಎಲ್ಲರೂ ಓದಿದ್ದೆವು. ಒಂಬತ್ತು ವರ್ಷದ ಹುಡುಗ, ದತ್ತು ಮಗ. ಒಂದು ಕಡೆ ಚಂಚಲತೆ, ಇನ್ನೊಂದು ಕಡೆ ಗೀಳು, ಮೇಲೆ ಟೂರೆಟ್ ಕಾಯಿಲೆ. ಡಾಕ್ಟರು ಮೂರು ಔಷಧಿ ಕೊಟ್ಟಿದ್ದರು, ಅದರಲ್ಲೊಂದು ಫ್ಲುಯಾಕ್ಸೆಟೀನ್. ತಿಂಗಳುಗಳ ಕಾಲ ಆ ಮಗುವಿಗೆ ಆಗಾಗ ಹೊಟ್ಟೆ ಕೆಡುತ್ತಿತ್ತು, ಸಣ್ಣ ಜ್ವರ ಬರುತ್ತಿತ್ತು, ನಡೆದರೆ ತೂರಾಡುತ್ತಿತ್ತು. ಕೊನೆಗೆ ಫಿಟ್ಸ್ ಬಂದು ನಿಲ್ಲದೆ ಹೃದಯ ನಿಂತಿತು. ರಕ್ತ, ಮೆದುಳು ಎಲ್ಲೆಡೆ ಫ್ಲುಯಾಕ್ಸೆಟೀನ್ ಮಟ್ಟ, ಬೇಕೆಂದೇ ಅತಿಯಾಗಿ ನುಂಗಿದವರಲ್ಲಿ ಕಾಣುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಮಾತ್ರೆ ಕೊಡುತ್ತಿದ್ದವರು ಸಾಕಿದ ಅಪ್ಪ ಅಮ್ಮ, ಆದ್ದರಿಂದ ತನಿಖೆ ಅವರ ಮೇಲೆ ತಿರುಗಿತು. ಯೋಚಿಸು ಪುಟ್ಟಿ, ಮಗುವನ್ನು ಕಳೆದುಕೊಂಡ ತಾಯಿಯನ್ನು ನೀನೇ ವಿಷ ಹಾಕಿದೆಯಾ ಅಂತ ಕೇಳುವುದು.

ಆಗ ಯಾರೋ ಒಬ್ಬರು ಸರಿಯಾದ ಪ್ರಶ್ನೆ ಕೇಳಿದರು. ಆ ಮಗುವಿನ ದೇಹ ಔಷಧಿಯನ್ನು ಹೊರಹಾಕುತ್ತಿತ್ತೇ? ಕಾಪಾಡಿಟ್ಟಿದ್ದ ಅಂಗಾಂಶದ ಚೂರಿನಲ್ಲಿ ಜೀನ್ ಪರೀಕ್ಷೆ ಮಾಡಿದರು. ನಮ್ಮ ಪಿತ್ತಜನಕಾಂಗದಲ್ಲಿ ಸಿವೈಪಿ2ಡಿ6 ಅಂತ ಒಂದು ಕಿಣ್ವವಿದೆ, ಇಂಥ ಔಷಧಿಗಳನ್ನು ಅರೆದು ಹೊರದೂಡುವುದು ಅದರ ಕೆಲಸ. ಆ ಮಗುವಿಗೆ ಹುಟ್ಟಿನಿಂದಲೇ ಆ ಜೀನಿನಲ್ಲಿ ದೋಷ. ಕೊಟ್ಟದ್ದು ಡಾಕ್ಟರು ಹೇಳಿದಷ್ಟೇ, ಒಳಗೆ ಕೂಡಿಕೊಂಡದ್ದು ಬೆಟ್ಟದಷ್ಟು. ಅದರಿಂದಾಗಿ, ಬೇರೆ ಸಾಕ್ಷ್ಯಗಳಿಂದಾಗಿ, ಆ ತಂದೆತಾಯಿಯ ಮೇಲಿನ ತನಿಖೆ ನಿಂತಿತು. ನನಗೆ ಮರೆಯಲಾಗದ್ದು ಅದರ ಇನ್ನೊಂದು ಮುಖ. ಆ ಮಗುವಿನ ದೇಹ ತಿಂಗಳುಗಟ್ಟಲೆ ಹೇಳುತ್ತಲೇ ಇತ್ತು, ಹೊಟ್ಟೆನೋವು, ಜ್ವರ, ತೂರಾಟ ಅಂತ. ನಿನಗೂ ಮಾತ್ರೆ ಶುರುಮಾಡಿದ ಮೇಲೆ ದೇಹದಲ್ಲಿ ಏನೇ ಹೊಸದು ಕಂಡರೂ ಡಾಕ್ಟರಿಗೆ ಹೇಳು. ಜೀನ್ ಪರೀಕ್ಷೆ ಬೇಕೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ, ಈಗ ಅದು ದೊಡ್ಡ ವಿಷಯವಲ್ಲ.

ಇಲ್ಲಿನದೇ ಒಂದು ಸಾವಿನ ಮಾತೂ ಹೇಳುತ್ತೇನೆ. 2014ರ ಆಗಸ್ಟ್‌ನಲ್ಲಿ ಗೋಲ್ಡನ್ ಗೇಟ್ ಸೇತುವೆಯಾಚೆ, ಮರಿನ್ ಕೌಂಟಿಯಲ್ಲಿ ನಟ ರಾಬಿನ್ ವಿಲಿಯಮ್ಸ್ ತೀರಿಕೊಂಡರು. ಲೋಕವೆಲ್ಲ ಮದ್ಯ, ಮಾದಕವಸ್ತು ಅಂತ ಮಾತಾಡಿತು. ನವೆಂಬರಿನಲ್ಲಿ ವರದಿ ಬಂತು. ಮದ್ಯವಿಲ್ಲ, ಮಾದಕವಸ್ತುವಿಲ್ಲ, ಇದ್ದದ್ದು ಡಾಕ್ಟರು ಬರೆದುಕೊಟ್ಟ ಔಷಧಿಗಳು, ಅವೂ ಚಿಕಿತ್ಸೆಯ ಮಿತಿಯೊಳಗೇ. ರಕ್ತ ಏನನ್ನೂ ವಿವರಿಸಲಿಲ್ಲ. ಮೆದುಳಿನ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಲೂಯಿ ಬಾಡಿ ಕಾಯಿಲೆ ಮೆದುಳಿಡೀ ಹರಡಿದ್ದು ಕಂಡಿತು. ಬದುಕಿದ್ದಾಗ ಅದಕ್ಕೆ ಆ ಹೆಸರೇ ಸಿಕ್ಕಿರಲಿಲ್ಲ. ಅವರ ಹೆಂಡತಿ 2016ರಲ್ಲಿ ನರವೈದ್ಯರ ಪತ್ರಿಕೆಯಲ್ಲಿ ಎಲ್ಲವನ್ನೂ ಬಿಚ್ಚಿ ಬರೆದರು. ಆ ತಾಯಿಯ ಧೈರ್ಯಕ್ಕೆ ನಾನು ಕೈಮುಗಿಯುತ್ತೇನೆ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಯುಸಿಎಸ್‌ಎಫ್‌ನ ಹೃದ್ರೋಗ ತಜ್ಞ ಜಿಯಾನ್ ತ್ಸೆಂಗ್ ಮತ್ತು ಅವರ ಜೊತೆಯವರು ಇದಕ್ಕೆ ತಿರುಗುಮುರುಗಾದ ಸತ್ಯ ಕಂಡರು. 2011ರಿಂದ 2014ರವರೆಗೆ ಆ ಊರಿನಲ್ಲಿ ಹಠಾತ್ ಹೃದಯಸ್ತಂಭನ ಎಂದು ನಂಬಲಾದ 525 ಸಾವುಗಳನ್ನು ಪೋಸ್ಟ್‌ಮಾರ್ಟಂ, ರಕ್ತಪರೀಕ್ಷೆ ಎಲ್ಲ ಮಾಡಿ ನೋಡಿದರು. ಅದರಲ್ಲಿ ಶೇ. 13.5ರಷ್ಟು, ಯಾರ ಕಣ್ಣಿಗೂ ಬೀಳದ, ಔಷಧಿ ಅಥವಾ ಮಾದಕವಸ್ತು ಅತಿಯಾಗಿ ಆದ ಸಾವು. 2018ರಲ್ಲಿ ಅದು ಪ್ರಕಟವಾಯಿತು. ಪರೀಕ್ಷೆ ಮಾಡದಿದ್ದರೆ ಅವರೆಲ್ಲರ ಸರ್ಟಿಫಿಕೇಟಿನಲ್ಲೂ ಹೃದಯ ಎಂಬ ಒಂದೇ ಪದ ಉಳಿಯುತ್ತಿತ್ತು.

ಪರೀಕ್ಷೆ ಎಲ್ಲವನ್ನೂ ಹುಡುಕುತ್ತದೆಂದು ಜನ ನಂಬುತ್ತಾರೆ. ಹುಡುಕುವುದಿಲ್ಲ. ಲ್ಯಾಬಿನ ಪಟ್ಟಿಯಲ್ಲಿ ಇರುವುದನ್ನು ಹುಡುಕುತ್ತದೆ. ಲಿಥಿಯಂ ಇಂಗಾಲದ ಅಣುವಲ್ಲ, ಒಂದು ಲವಣ. ಸಾಮಾನ್ಯ ಔಷಧಿಗಳಿಗೆಂದು ಇಟ್ಟ ಯಂತ್ರ ಅದನ್ನು ನೋಡುವುದೇ ಇಲ್ಲ, ಯಾರಾದರೂ "ಇವರು ಲಿಥಿಯಂ ತಿನ್ನುತ್ತಿದ್ದರು" ಅಂದರೆ ಮಾತ್ರ ಬೇರೆಯಾಗಿ ಅಳೆಯಬೇಕು. ಅದರಲ್ಲೂ ರಕ್ತ ತೆಗೆದ ಟ್ಯೂಬು ಲಿಥಿಯಂ ಹೆಪಾರಿನ್ ಲೇಪಿಸಿದ ಹಸಿರು ಮುಚ್ಚಳದ್ದಾದರೆ ಇಲ್ಲದ ಲಿಥಿಯಂ ಇದೆಯೆಂದು ತೋರಿಸುತ್ತದೆ. ಎಸ್ಸಿಟಾಲೋಪ್ರಾಂ, ಸಿಟಾಲೋಪ್ರಾಂನಂಥವು ಅಪರೂಪಕ್ಕೆ ಹೃದಯದ ವಿದ್ಯುತ್ ಲಯ ತಪ್ಪಿಸಬಹುದು. ಲಯ ತಪ್ಪಿ ನಿಂತ ಹೃದಯವನ್ನು ಕೊಯ್ದು ನೋಡಿದರೆ ಒಂದು ಗುರುತೂ ಇರುವುದಿಲ್ಲ. ನಿನ್ನ ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ದಿಢೀರನೆ ಹೋಗಿದ್ದಾರೆಯೇ ಅಂತ ಡಾಕ್ಟರು ಕೇಳುವುದು ಅದಕ್ಕೇ.

ಓಲಾನ್ಜಪೈನ್ ಎಂಬ ಮನೋರೋಗದ ಔಷಧಿ ತಿನ್ನುವವರ ವಿಷಯ ಇನ್ನೊಂದು ಬಗೆ. ಆ ಔಷಧಿ ಕೆಲವರಲ್ಲಿ ಸಕ್ಕರೆ ಏರಿಸುತ್ತದೆ. ಆ ಗುಂಪಿನ ಔಷಧಿಗಳೆಲ್ಲದರ ಚೀಟಿಯ ಮೇಲೂ ಈ ಎಚ್ಚರಿಕೆ ಅಚ್ಚಾಗಬೇಕೆಂದು ಎಫ್‌ಡಿಎ 2003ರಲ್ಲೇ ಹೇಳಿತು. ಅಂಥವರು ಹಾಸಿಗೆಯಲ್ಲೇ ತೀರಿಕೊಂಡರೆ ರಕ್ತದಲ್ಲಿ ಔಷಧಿ ಸರಿಯಾದ ಮಟ್ಟದಲ್ಲೇ ಇರುತ್ತದೆ, ಮಧುಮೇಹ ಇದೆಯೆಂದು ಯಾರಿಗೂ ಗೊತ್ತಿರುವುದಿಲ್ಲ. ಸತ್ತ ಮೇಲೆ ರಕ್ತದ ಸಕ್ಕರೆ ಇಳಿದುಹೋಗುವುದರಿಂದ ಅದನ್ನು ಅಳೆದು ಪ್ರಯೋಜನವಿಲ್ಲ. ಕಣ್ಣುಗುಡ್ಡೆಯೊಳಗಿನ ನೀರು ಮಾತ್ರ ಸುಳ್ಳು ಹೇಳುವುದಿಲ್ಲ, ಅಲ್ಲಿ ಸಕ್ಕರೆ ಹೆಚ್ಚಿದ್ದರೆ ಬದುಕಿದ್ದಾಗಲೂ ಹೆಚ್ಚಿತ್ತು ಎಂದೇ ಅರ್ಥ. ಎಷ್ಟೋ ಮನೆಯವರಿಗೆ "ನಿಮ್ಮ ಮಗ ಮಾತ್ರೆ ಜಾಸ್ತಿ ನುಂಗಿ ಸಾಯಲಿಲ್ಲ, ಸಕ್ಕರೆ ಏರಿ ಸತ್ತ" ಎಂದು ಹೇಳಲು ಆ ನೀರಿನ ಕೆಲವು ಹನಿ ಸಾಕಾಗಿದೆ. ಆ ಮಾತಿನಿಂದ ಒಬ್ಬ ತಾಯಿಗೆ ಸಿಗುವ ನೆಮ್ಮದಿ ಎಷ್ಟು ದೊಡ್ಡದು ಎಂದು ನನಗೆ ಗೊತ್ತು.

ಈಗ ನಿಮ್ಮತ್ತೆಯ ಸೂಟ್‌ಕೇಸಿನ ವಿಷಯ. ಊರಿನಿಂದ ಬರುವ ಹಿರಿಯರ ಚೀಲದಲ್ಲಿ ಚಟ್ನಿಪುಡಿಯ ಪಕ್ಕ ಆರು ತಿಂಗಳ ಮಾತ್ರೆ ಇರುತ್ತದೆ. ನಿದ್ದೆಗೆ, ಎದೆಬಡಿತಕ್ಕೆ ಅಂತ ಊರಲ್ಲಿ ಎಟಿಜೋಲಾಂ ಬರೆದುಕೊಡುವುದು ಬಹಳ ಸಾಮಾನ್ಯ. ಇಲ್ಲಿ ಆ ಔಷಧಿಗೆ ಎಂದೂ ಅನುಮತಿ ಸಿಕ್ಕಿಲ್ಲ, ಮೇಲಾಗಿ 2023ರ ಜುಲೈನಲ್ಲಿ ಡಿಇಎ ಅದನ್ನು ಹೆರಾಯಿನ್ ಇರುವ ಮೊದಲನೇ ಶೆಡ್ಯೂಲಿಗೆ ಸೇರಿಸಿತು. ಪಾಪ, ನಿಮ್ಮತ್ತೆಯಂಥವರಿಗೆ ಇದು ಹೇಗೆ ಗೊತ್ತಾಗಬೇಕು? ಇವತ್ತೇ ಫೋನ್ ಮಾಡಿ ಯಾವ ಯಾವ ಮಾತ್ರೆ ತರುತ್ತಿದ್ದಾರೆ ಅಂತ ಕೇಳು. ಎಟಿಜೋಲಾಂ ಇದ್ದರೆ ತಾವೇ ಥಟ್ಟನೆ ನಿಲ್ಲಿಸಬಾರದು, ಆ ಜಾತಿಯ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಹೊರಡುವ ಮುಂಚೆ ಅಲ್ಲಿನ ಡಾಕ್ಟರನ್ನು ಕಂಡು ಬದಲಿ ಬರೆಸಿಕೊಳ್ಳಲಿ. ಸಮಯ ಸಾಲದಿದ್ದರೆ ಪ್ರಯಾಣವನ್ನೇ ಎರಡು ವಾರ ಮುಂದೂಡಲಿ, ಮೊಮ್ಮಗು ಎಲ್ಲೂ ಓಡಿಹೋಗುವುದಿಲ್ಲ. ಫ್ಲುಪೆಂಟಿಕ್ಸಾಲ್, ಮೆಲಿಟ್ರಾಸೆನ್ ಸೇರಿಸಿದ ಮಾತ್ರೆಯೂ ಊರಿನಲ್ಲಿ ಧಾರಾಳ. ಇಲ್ಲಿ ಎರಡಕ್ಕೂ ಅನುಮತಿಯಿಲ್ಲ. ಇಲ್ಲಿನ ಎಮರ್ಜೆನ್ಸಿಯ ಹುಡುಗ ಡಾಕ್ಟರು ಅವುಗಳ ಹೆಸರನ್ನೇ ಕೇಳಿರಲಿಕ್ಕಿಲ್ಲ, ಲ್ಯಾಬಿನ ಪಟ್ಟಿಯಲ್ಲೂ ಇರಲಿಕ್ಕಿಲ್ಲ. ಸ್ಟ್ರಿಪ್ಪಿನ ಹಿಂಬದಿಯ ಫೋಟೋ ತೆಗೆದಿಟ್ಟುಕೋ, ಬ್ರ್ಯಾಂಡ್ ಹೆಸರಲ್ಲ, ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರು ಬೇಕು. ಸರ್ಪಗಂಧ, ಅಶ್ವಗಂಧ ಏನೇ ಇರಲಿ, ಅದನ್ನೂ ಬರೆದುಕೋ. ಬೇರು, ಚೂರ್ಣ ಔಷಧಿಯಲ್ಲ ಅಂತ ನಮ್ಮವರು ತಿಳಿದಿರುತ್ತಾರೆ.

ನಿನ್ನ ಗಂಡನಿಗೂ ಗೊತ್ತಿಲ್ಲ ಅಂದೆಯಲ್ಲ, ನಿನ್ನೆಯಿಂದ ನನ್ನನ್ನು ಕೊರೆಯುತ್ತಿರುವುದು ಅದೇ. ಗ್ರೀನ್ ಕಾರ್ಡಿನ ವೈದ್ಯಕೀಯ ಪರೀಕ್ಷೆಯಲ್ಲಿ ತೊಂದರೆಯಾಗುತ್ತದೆ, ಅವನಿಗೆ ಹೇಳಿದರೆ ಅವನೂ ಹೆದರುತ್ತಾನೆ ಅಂದೆ. ಖಿನ್ನತೆ ಇದೆ, ಮಾತ್ರೆ ತಿನ್ನುತ್ತೀಯ ಎಂಬುದೊಂದೇ ಅಲ್ಲಿ ಅಡ್ಡಿಯಲ್ಲ. ಕಾಯಿಲೆಯಿಂದ ತನಗೋ ಇತರರಿಗೋ ಅಪಾಯವಾಗುವ ನಡವಳಿಕೆ ಇದೆಯೇ ಎಂದು ನೋಡುತ್ತಾರೆ. ಇನ್ನು ಲೈಫ್ ಇನ್ಶೂರೆನ್ಸ್ ಅರ್ಜಿಯಲ್ಲಿ ಮಾತ್ರೆಯ ಪ್ರಶ್ನೆಗೆ ಇಲ್ಲ ಎಂದು ಗುರುತು ಹಾಕಿದ್ದರೆ ಅದನ್ನು ಸರಿಪಡಿಸು. ಪಾಲಿಸಿಯ ಮೊದಲ ಎರಡು ವರ್ಷದೊಳಗೆ ಯಾವ ಕಾರಣಕ್ಕೆ ಜೀವ ಹೋದರೂ ಕಂಪನಿಯವರು ಅರ್ಜಿಯನ್ನು ತಿರುವಿ ನೋಡಬಹುದು. ರಕ್ತದ ವರದಿಯಲ್ಲಿ ಕಂಡದ್ದು ಅರ್ಜಿಯಲ್ಲಿ ಇಲ್ಲದಿದ್ದರೆ ಮಕ್ಕಳಿಗೆ ಬರಬೇಕಾದ ಹಣ ನಿಲ್ಲಬಹುದು. ಹಾಗೆ ನಿಂತ ಮನೆಗಳನ್ನು ನಾನು ನೋಡಿದ್ದೇನೆ.

ಮನೆಯಲ್ಲಿ ಒಂದು ಹಾಳೆ ಮಾಡು. ಇಬ್ಬರ ಹೆಸರು, ಈಗ ಅತ್ತೆಯ ಹೆಸರು, ಯಾವ ಔಷಧಿ, ಎಷ್ಟು, ಯಾವಾಗಿನಿಂದ, ಕೊಟ್ಟ ಡಾಕ್ಟರು ಯಾರು. ಫ್ರಿಜ್ಜಿನ ಬಾಗಿಲ ಮೇಲೆ ಅಂಟಿಸು, ಫೋನಿನಲ್ಲೂ ಇಡು. ನೆಗಡಿ ಕೆಮ್ಮಿಗೆ ಅಂಗಡಿಯಿಂದ ಸಿರಪ್ ತರುವಾಗ ಫಾರ್ಮಸಿಸ್ಟಿಗೆ ಆ ಹಾಳೆ ತೋರಿಸು. ಡೆಕ್ಸ್ಟ್ರೋಮೆಥಾರ್ಫಾನ್ ಇರುವ ಕೆಮ್ಮಿನ ಸಿರಪ್ ನಿನ್ನ ಮಾತ್ರೆಯ ಜೊತೆ ಹೊಂದುವುದಿಲ್ಲ. ಲಿಥಿಯಂ ತಿನ್ನುವ ಗೆಳತಿ ಇದ್ದಾಳೆ ಅಂದಿದ್ದೆ, ಮೈಕೈ ನೋವಿಗೆ ಐಬುಪ್ರೋಫೆನ್ ನುಂಗುವ ಮೊದಲು ಕೇಳಲು ಅವಳಿಗೆ ಹೇಳು, ಬೇಸಿಗೆಯಲ್ಲಿ ಬೆಟ್ಟ ಹತ್ತುವಾಗ ನೀರು ಕಡಿಮೆ ಮಾಡದಿರಲು ಹೇಳು. ಅವಧಿ ಮುಗಿದ ಔಷಧಿ ಮನೆಯಲ್ಲಿ ಗುಡ್ಡೆ ಹಾಕಬೇಡ. ಕ್ಯಾಲಿಫೋರ್ನಿಯಾದ 2018ರ ಕಾನೂನಿನ ಪ್ರಕಾರ ಔಷಧಿ ಕಂಪನಿಗಳೇ ಹಳೆಯ ಮಾತ್ರೆ ವಾಪಸು ಪಡೆಯುವ ಏರ್ಪಾಡು ಮಾಡಬೇಕು, ಫಾರ್ಮಸಿಗಳಲ್ಲಿ ಅದಕ್ಕೆ ಡಬ್ಬ ಇಟ್ಟಿರುತ್ತಾರೆ. ಮನಸ್ಸು ತೀರಾ ಕತ್ತಲಾದ ರಾತ್ರಿ ನನಗೆ ಫೋನ್ ಮಾಡು, ಎಷ್ಟೇ ಹೊತ್ತಾಗಿರಲಿ. ನಾನು ಎತ್ತದಿದ್ದರೆ 988 ಸಹಾಯವಾಣಿಗೆ ಮಾಡು. ಊರಿನಲ್ಲಿರುವ ನಿನ್ನ ತಮ್ಮನಿಗೆ 14416, ಟೆಲಿ ಮಾನಸ್, ನಮ್ಮ ನಿಮ್ಹಾನ್ಸ್‌ನವರು ನೋಡಿಕೊಳ್ಳುವುದು, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಇನ್ನು ಸಾವಿನ ಮಾತೆತ್ತಿದರೆ ಬಿಡ್ತು ಅನ್ನಿ ಅಂತೀಯ. ಆದರೂ ಇಲ್ಲಿನ ರೀತಿ ತಿಳಿದಿರಲಿ, ನಮ್ಮ ಬಳಗದಲ್ಲಿ ಯಾರಿಗಾದರೂ ಬೇಕಾದೀತು. ನಮ್ಮ ಈ ಲಾಸ್ ಗ್ಯಾಟೋಸ್‌ನಲ್ಲಿ ಯಾರಾದರೂ ಮನೆಯಲ್ಲೇ ಹಠಾತ್ತಾಗಿ ತೀರಿಕೊಂಡರೆ ಅದು ಸ್ಯಾನ್ ಹೋಸೆಯಲ್ಲಿರುವ ಸಾಂತಾ ಕ್ಲಾರಾ ಕೌಂಟಿಯ ಮೆಡಿಕಲ್ ಎಕ್ಸಾಮಿನರ್ ಕಚೇರಿಗೆ ಹೋಗುತ್ತದೆ. 2016ರಲ್ಲಿ ಅದನ್ನು ಶೆರಿಫ್ ಕೈಯಿಂದ ಬಿಡಿಸಿ ವೈದ್ಯರ ಕೈಗೆ ಕೊಟ್ಟರು, ಅದು ಒಳ್ಳೆಯ ಕೆಲಸ. ಅವರ ಅನುಮತಿಯಿಲ್ಲದೆ ದೇಹವನ್ನು ಅಲುಗಿಸುವಂತಿಲ್ಲ, ಸ್ನಾನ ಮಾಡಿಸುವಂತಿಲ್ಲ. ನಮ್ಮವರು ಇಲ್ಲೇ ಗಾಬರಿಯಾಗುತ್ತಾರೆ. ಪೋಸ್ಟ್‌ಮಾರ್ಟಂ ಆದ ಮೇಲೆ ಸಾಮಾನ್ಯವಾಗಿ ಕೆಲವೇ ದಿನದಲ್ಲಿ ದೇಹ ಕೊಡುತ್ತಾರೆ, ದಹನಕ್ಕೆ, ಹದಿಮೂರನೇ ದಿನದ ಕಾರ್ಯಕ್ಕೆ ಅಡ್ಡಿಯಾಗದು. ತಡವಾಗುವುದು ರಕ್ತದ ವರದಿ, ಅದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳು. ಅಲ್ಲಿಯವರೆಗೆ ಡೆತ್ ಸರ್ಟಿಫಿಕೇಟಿನಲ್ಲಿ ಕಾರಣದ ಜಾಗದಲ್ಲಿ ಪೆಂಡಿಂಗ್ ಅಂತ ಇರುತ್ತದೆ. ಕೊಯ್ಯುವುದು ಧರ್ಮಕ್ಕೆ ಒಪ್ಪದು ಅನ್ನುವವರು ಬದುಕಿದ್ದಾಗಲೇ ಇಬ್ಬರು ಸಾಕ್ಷಿಗಳ ಮುಂದೆ ಧಾರ್ಮಿಕ ನಂಬಿಕೆಯ ಪತ್ರಕ್ಕೆ ಸಹಿ ಹಾಕಿಡಬಹುದು, ಕ್ಯಾಲಿಫೋರ್ನಿಯಾದ ಕಾನೂನು ಅದಕ್ಕೆ ಬೆಲೆ ಕೊಡುತ್ತದೆ. ಅಪರಾಧದ ಶಂಕೆಯಿದ್ದರೆ, ಸಾಂಕ್ರಾಮಿಕ ರೋಗದ ಭಯವಿದ್ದರೆ ಅದು ನಡೆಯದು. ನನ್ನನ್ನು ಕೇಳಿದರೆ, ಮಾತ್ರೆ ತಿನ್ನುತ್ತಿದ್ದ ಎಳೆ ಜೀವ ಹೋದರೆ ಪರೀಕ್ಷೆಯಾಗಲಿ ಅನ್ನುತ್ತೇನೆ. ಕಾರಣ ತಿಳಿಯದೆ ಉಳಿಯುವ ಮನೆಯಲ್ಲಿ ಜನ ಒಬ್ಬರನ್ನೊಬ್ಬರು ದೂರುತ್ತಾ ಸವೆಯುತ್ತಾರೆ.

ತನಿಖಾಧಿಕಾರಿ ಬಂದಾಗ ಮನೆಯವರು ಮಾಡುವ ದೊಡ್ಡ ತಪ್ಪು, ಮಾತ್ರೆ ಬಾಟಲಿಗಳನ್ನು ಕಸಕ್ಕೆ ಹಾಕಿಬಿಡುವುದು. ಹೋದವರ ಮಾನ ಉಳಿಸುತ್ತಿದ್ದೇವೆ ಎಂದು ಅವರ ಭಾವನೆ. ನಿದ್ದೆಮಾತ್ರೆ, ನೋವಿನ ಮಾತ್ರೆಯಂಥ ನಿಯಂತ್ರಿತ ಔಷಧಿಗಳ ಲೆಕ್ಕ ರಾಜ್ಯದ ಕ್ಯೂರ್ಸ್ ದಾಖಲೆಯಲ್ಲಿ ಸಿಗುತ್ತದೆ, ನಿನ್ನ ಎಸ್ಸಿಟಾಲೋಪ್ರಾಂ ಅಲ್ಲಿ ಇರುವುದಿಲ್ಲ. ಬಾಟಲಿಯ ಮೇಲಿನ ತಾರೀಖು, ಒಳಗೆ ಉಳಿದ ಮಾತ್ರೆಯ ಎಣಿಕೆ, ಇವೇ ಹೋದವರ ಪರವಾಗಿ ಸಾಕ್ಷಿ ನುಡಿಯುವುದು. ಮೂವತ್ತರಲ್ಲಿ ಹತ್ತು ದಿನಕ್ಕೆ ಹತ್ತೇ ಖಾಲಿಯಾಗಿದ್ದರೆ, ಹೃದಯದ ರಕ್ತ ಎಷ್ಟೇ ದೊಡ್ಡ ಅಂಕಿ ಕೂಗಿದರೂ ನನ್ನಂಥವಳು ನಿಂತು ಯೋಚಿಸುತ್ತಾಳೆ.

ಇನ್ನೊಂದು ಮಾತು. ನಿನ್ನ ಅಮ್ಮನಿಗೂ ನಾನು ಇದನ್ನು ಹೇಳಿಲ್ಲ. ನಿಮ್ಮ ದೊಡ್ಡಪ್ಪ ಹೋದ ಮೇಲೆ ಹದಿನಾಲ್ಕು ತಿಂಗಳು ನಾನು ಸರ್ಟ್ರಲೀನ್ ತೆಗೆದುಕೊಂಡೆ. ಬಾಟಲಿ ಇಟ್ಟದ್ದು ದೇವರ ಗೂಡಿನ ಕರ್ಪೂರದ ಡಬ್ಬಿಯಲ್ಲಿ. ಅಷ್ಟು ವರ್ಷ ಇದೇ ಕೆಲಸ ಮಾಡಿದವಳು, ಬಚ್ಚಿಡುವುದರ ಬೆಲೆ ಕಣ್ಣಾರೆ ಕಂಡವಳು, ಆದರೂ ಬಚ್ಚಿಟ್ಟೆ. ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದು ಮೊಣಕೈ ಮುರಿಯಿತು. ಆಸ್ಪತ್ರೆಯಲ್ಲಿ ಡಾಕ್ಟರು, ಯಾವ ಔಷಧಿ ತಗೋತೀರಿ ಅಂತ ಕೇಳಿದರು. ಪಕ್ಕದಲ್ಲಿ ನಿನ್ನ ಅಮ್ಮ ನಿಂತಿದ್ದಳು, ಆಗಷ್ಟೇ ಊರಿನಿಂದ ಬಂದವಳು. ಬಿಪಿ ಮಾತ್ರೆ ಬಿಟ್ಟು ಏನೂ ಇಲ್ಲ ಅಂದೆ. ನೋವಿಗೆ ಟ್ರಮಡಾಲ್ ಕೊಟ್ಟು ಕಳಿಸಿದರು. ರಾತ್ರಿ ಎರಡು ಗಂಟೆಗೆ ಮೈಯೆಲ್ಲ ಬೆವರು, ಕಾಲು ತಾನಾಗಿ ಅದುರುತ್ತಿತ್ತು, ಗೋಡೆ ಓಡಿದಂತೆ. ನನಗೆ ಅದರ ಹೆಸರು ಗೊತ್ತಿತ್ತು. 1984ರಲ್ಲಿ ನ್ಯೂಯಾರ್ಕಿನಲ್ಲಿ ಹದಿನೆಂಟರ ಲಿಬ್ಬಿ ಜಿಯಾನ್ ಎಂಬ ಹುಡುಗಿ ಫೀನೆಲ್ಜೀನ್ ತಿನ್ನುತ್ತಿದ್ದಾಗ ಪೆಥಿಡೀನ್ ಕೊಟ್ಟದ್ದನ್ನು, ಬೆಳಗಾಗುವಷ್ಟರಲ್ಲಿ ಅವಳು ತೀರಿಹೋದದ್ದನ್ನು ನಾನೇ ಹೊಸಬರಿಗೆ ಪಾಠ ಹೇಳುತ್ತಿದ್ದೆ. ಒಂದೊಂದೂ ತನ್ನ ಮಟ್ಟಿಗೆ ಸಾಧಾರಣ ಔಷಧಿ, ಜೊತೆಯಾದರೆ ಸೆರೋಟೋನಿನ್ ಉಕ್ಕಿ ಹರಿಯುತ್ತದೆ. ಸತ್ತ ಮೇಲೆ ಅದನ್ನು ತೋರಿಸುವ ಒಂದು ಅಂಕಿಯೂ ರಕ್ತದಲ್ಲಿ ಇಲ್ಲ. ಆ ರಾತ್ರಿ ನಾನು ಹೋಗಿದ್ದರೆ, ನನ್ನ ರಕ್ತದ ಅಂಕಿಗಳೆಲ್ಲ ಮಿತಿಯೊಳಗೇ ಇರುತ್ತಿದ್ದವು, ಕರ್ಪೂರದ ಡಬ್ಬಿ ಯಾರೂ ತೆರೆಯುತ್ತಿರಲಿಲ್ಲ, ನಿನ್ನ ಅಮ್ಮ ಜೀವನವಿಡೀ ಏನಾಯಿತೆಂದು ಕೇಳಿಕೊಳ್ಳುತ್ತಿದ್ದಳು. ನಾನೇ 911ಕ್ಕೆ ಫೋನ್ ಮಾಡಿ ಎರಡೂ ಮಾತ್ರೆಯ ಹೆಸರು ಹೇಳಿದೆ. ನಿನ್ನ ಅಮ್ಮ ಮಲಗಿದ್ದಳು, ಅವಳಿಗೆ ಗೊತ್ತಾಗದಂತೆ ಹೋಗಿ ಬೆಳಿಗ್ಗೆ ವಾಪಸು ಬಂದೆ, ನೋವಿಗೆ ಇಂಜೆಕ್ಷನ್ ಹಾಕಿಸಿಕೊಂಡೆ ಅಂತ ಸುಳ್ಳು ಹೇಳಿದೆ.

ಈ ಕಾಗದ ಮುಗಿಸಿ ಅವಳಿಗೆ ಫೋನ್ ಮಾಡುತ್ತೇನೆ. ಅಲ್ಲಿ ಈಗ ರಾತ್ರಿ, ಆದರೆ ಅವಳು ಹತ್ತಕ್ಕೆ ಮುಂಚೆ ಮಲಗುವುದಿಲ್ಲ. ನೀನು ಇವತ್ತು ಸಂಜೆ ನಿನ್ನ ಗಂಡನಿಗೆ ಹೇಳು. ಮಗುವನ್ನು ನನ್ನ ಹತ್ತಿರ ಬಿಟ್ಟು ಇಬ್ಬರೂ ತೊರೆಯ ಪಕ್ಕದ ದಾರಿಯಲ್ಲಿ ಲೆಕ್ಸಿಂಗ್ಟನ್ ಜಲಾಶಯದ ಕಡೆಗೆ ನಡೆದು ಬನ್ನಿ, ನಡೆಯುತ್ತಾ ಹೇಳುವುದು ಸುಲಭ. ಮಂಗಳವಾರ ನಿಮ್ಮತ್ತೆಯನ್ನು ಕರೆತರಲು ಏರ್‌ಪೋರ್ಟಿಗೆ ನಾನೂ ಬರುತ್ತೇನೆ. ಕಾರಿನಲ್ಲಿ ಹಿಂದೆ ಅವರ ಪಕ್ಕ ನಾನೇ ಕೂರುತ್ತೇನೆ. ನನ್ನ ಸರ್ಟ್ರಲೀನಿನ ಕತೆಯನ್ನು ಮೊದಲು ನಾನು ಹೇಳುತ್ತೇನೆ, ಅವರ ನಿದ್ದೆಮಾತ್ರೆಯ ಕತೆ ತಾನಾಗಿ ಹೊರಬರುತ್ತದೆ, ನಿನ್ನದನ್ನು ನೀನು ಹೇಳಬೇಕೆನಿಸಿದಾಗ ಹೇಳು.

ಸೋಮವಾರ ರಾತ್ರಿ ಅಕ್ಕಿ ಉದ್ದು ನೆನೆಹಾಕುವುದು ಮರೆಯಬೇಡ. ಡಬ್ಬಿಯಲ್ಲಿ ಮೆಂತ್ಯ ಕಡಿಮೆಯಿದೆ, ನಾನು ಬರುವಾಗ ತರುತ್ತೇನೆ.

ನಿನ್ನ ದೊಡ್ಡಮ್ಮ